ಬಾಯಾರಿನ ಸುರಂಗದಿಂದ ಬೇಕಲದ ಕೋಟೆಯವರೆಗೆ: ಒಂದು ಕ್ಯಾಮರಾದ ಅನ್ವೇಷಣೆ

ಕ್ಯಾಮರಾ ಕೊಳ್ಳಬೇಕೆಂದಿರುವವರು ಮೊದಲು ಅಂಗಡಿಗೆ ಹೋಗುವುದು ಲೋಕರೂಢಿ. ನಾವು ಮೊದಲು ಹೋದದ್ದು ಬಾಯಾರಿನ ಒಂದು ಸುರಂಗದ ಬಾಯಿಗೆ. ಅಲ್ಲಿಂದ ಅನಂತಪುರದ ಕೆರೆಯ ದಂಡೆಗೆ, ಬೇಕಲದ ಕೋಟೆಗೆ, ಕುಂಬಳೆ ಸೀಮೆಯ ಗದ್ದೆಯೊಂದರಲ್ಲಿ ನಡೆದ ಬಯಲಾಟಕ್ಕೆ, ಕೊನೆಗೆ ನಮ್ಮೂರಿನ ವಾಚನಾಲಯದ ಹಳೆಯ ಮೇಜಿಗೆ. ಅಂಗಡಿಯ ಮೆಟ್ಟಿಲು ಹತ್ತಿದ್ದು ಇಷ್ಟೆಲ್ಲ ಆದ ಮೇಲೆ. ಈ ತಿರುಗುಮುರುಗಾದ ಪ್ರಯಾಣದ ಕಾರಣವನ್ನು ವಾಚಕರ ಮುಂದೆ ಇಡಬೇಕಾಗಿದೆ.

ತಲಪಾಡಿಯ ಗಡಿಯನ್ನು ದಾಟಿ ದಕ್ಷಿಣಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 66 ಇತ್ತೀಚಿನ ವರ್ಷಗಳಲ್ಲಿ ಆರು ಪಥದ ಮಹಾಮಾರ್ಗವಾಗಿ ಅಗಲಗೊಂಡಿತಷ್ಟೆ. ಹೊಸಂಗಡಿ, ಉಪ್ಪಳ, ಕುಂಬಳೆಗಳ ಪೇಟೆಬದಿಯಲ್ಲಿ ನಾವು ಬಾಲ್ಯದಿಂದ ನೋಡುತ್ತ ಬಂದಿದ್ದ ಸಾಲುಮರಗಳೂ, ಹಂಚಿನ ಮಾಡಿನ ಅಂಗಡಿಗಳೂ, ಆ ಅಂಗಡಿಗಳ ಹಣೆಯ ಮೇಲಿದ್ದ ಕನ್ನಡದ ಹಳೆಯ ಫಲಕಗಳೂ ಆ ಅಗಲದೊಳಗೆ ಸೇರಿಹೋದವು. ರಸ್ತೆ ಬೇಕಾಗಿತ್ತು, ಅದರ ವಿಷಯದಲ್ಲಿ ನಮಗೆ ತಕರಾರಿಲ್ಲ. ಆದರೆ ವಾಚನಾಲಯದಲ್ಲಿ ಕುಳಿತು, ಹೋದವುಗಳ ಪಟ ಯಾರ ಬಳಿಯಾದರೂ ಇದೆಯೇ ಎಂದು ವಿಚಾರಿಸಿದಾಗ ಹೊರಬಂದವು ಹಲವು ಮೊಬೈಲುಗಳಲ್ಲಿ ತೆಗೆದ ನೂರಾರು ಚಿತ್ರಗಳು. ಬಹುಪಾಲಿನಲ್ಲಿ ಬಿಸಿಲು ಬಿದ್ದ ಭಾಗ ಸುಣ್ಣ ಬಳಿದಂತೆ ಬೆಳ್ಳಗೆ; ಮಾಡಿನ ಕೆಳಗಿನ ನೆರಳು ಮಸಿಯಂತೆ ಕಪ್ಪಗೆ. ಫಲಕದ ಅಕ್ಷರ ಓದಬೇಕೆಂದರೆ ಅದು ಆ ಕಪ್ಪಿನೊಳಗೆಲ್ಲೋ ಇರಬೇಕು. ಚಿತ್ರವನ್ನು ಬೆಳಗಿಸಿ ನೋಡಿದರೆ ಕಪ್ಪು ಹೋಗಿ ಬೂದಿಯಾಯಿತೇ ಹೊರತು ಅಕ್ಷರ ಏಳಲಿಲ್ಲ.

ಉಳಿದುದನ್ನಾದರೂ ಸರಿಯಾಗಿ ದಾಖಲಿಸಬೇಕೆಂಬ ಸಂಕಲ್ಪ ಅಂದು ಹುಟ್ಟಿತು. ಸುರಂಗಗಳು, ಪದವುಗಳು, ಮುರಕಲ್ಲಿನ ಗೋಡೆಯ ಮನೆಗಳು, ಬಯಲಾಟದ ಚೌಕಿಗಳು ಹೀಗೆ ಪಟ್ಟಿ ಬೆಳೆಯಿತು. ಸದಸ್ಯರು ಕೂಡಿಸಿದ ಹಣದಲ್ಲಿ ಒಂದು ಕ್ಯಾಮರಾ ಮಾತ್ರ ಬರುವಂತಿತ್ತು. ವಾಚನಾಲಯದ ಗಣಕಯಂತ್ರ ಒಂಬತ್ತು ವರ್ಷ ಹಳೆಯದು. ವರ್ಷವರ್ಷವೂ ಚಂದಾ ಕಟ್ಟಬೇಕಾದ ತಂತ್ರಾಂಶ ನಮ್ಮ ಶಕ್ತಿಗೆ ಮೀರಿದ್ದು. ಆದ್ದರಿಂದ ಯಾರೂ ಹಣ ಕೇಳದ ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎಂಬ ಎರಡು ತಂತ್ರಾಂಶಗಳನ್ನು ಅದರಲ್ಲಿ ಹಾಕಿಸಿಕೊಂಡಿದ್ದೆವು. ಕೊಳ್ಳುವ ಕ್ಯಾಮರಾ ಈ ಮೇಜಿನೊಡನೆ ಹೊಂದಿ ಬಾಳಬೇಕು. ಅಂಗಡಿಯವರಿಗೆ ಗೊತ್ತಿರುವುದು ಕ್ಯಾಮರಾದ ಗುಣ. ನಮ್ಮ ಮೇಜಿನ ಗುಣ ಅವರಿಗೆ ತಿಳಿಯುವ ಬಗೆ ಹೇಗೆ?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ. ಕ್ಯಾಮರಾ ಎರಡು ಬಗೆಯ ಕಡತಗಳನ್ನು ಕೊಡಬಲ್ಲದು. ಒಂದು ಜೆಪೆಗ್, ಮತ್ತೊಂದನ್ನು ರಾ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಅಡಿಕೆಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಹಸಿ ಅಡಿಕೆ ಕೈಯಲ್ಲಿರುವವನು ಬೇಕಾದರೆ ಅದನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡಿಯಾನು, ಘಟ್ಟದ ಮೇಲಿನವರಂತೆ ಬೇಯಿಸಿ ಕೆಂಪಡಿಕೆಯನ್ನೂ ಮಾಡಿಯಾನು. ಚಾಲಿಯಾದುದನ್ನು ಮರಳಿ ಹಸಿ ಮಾಡುವ ವಿದ್ಯೆ ಯಾರಲ್ಲಿಯೂ ಇಲ್ಲ. ಜೆಪೆಗ್ ಎಂದರೆ ಕ್ಯಾಮರಾ ತನ್ನ ಮನಸ್ಸಿಗೆ ಬಂದಂತೆ ಒಣಗಿಸಿ ಸುಲಿದು ಕೊಟ್ಟ ಚಾಲಿ. ಅದರಲ್ಲಿ ಪ್ರತಿಯೊಂದು ಬಣ್ಣಕ್ಕೂ 256 ಮೆಟ್ಟಿಲುಗಳು ಮಾತ್ರ. ರಾ ಎಂದರೆ ಬೆಳಕು ತಾಗಿದ ಲೆಕ್ಕವನ್ನು ಹಾಗೆಯೇ ಬರೆದಿಟ್ಟದ್ದು. 14 ಬಿಟ್ಟಿನ ಕಡತದಲ್ಲಿ 16,384 ಮೆಟ್ಟಿಲುಗಳಿರುತ್ತವೆ. ನೆರಳಿನೊಳಗೆ ಅಡಗಿದ ಅಕ್ಷರವನ್ನು ಎಬ್ಬಿಸಬೇಕಾದರೆ ಈ ಮೆಟ್ಟಿಲುಗಳು ಬೇಕು. ಆದರೆ ಹಸಿ ಅಡಿಕೆಯನ್ನು ಮನೆಗೆ ತಂದವನಿಗೆ ಅಂಗಳವೂ ಬೇಕಲ್ಲವೇ? ರಾ ಕಡತಕ್ಕೆ ಅಂಗಳವೆಂದರೆ ಅದನ್ನು ತೆರೆದು ಸಂಸ್ಕರಿಸುವ ತಂತ್ರಾಂಶ.

ಕಳೆದ ಕುಂಭಮಾಸದಲ್ಲಿ ನಾವು ಮೂರು ಕ್ಯಾಮರಾಗಳನ್ನು ನಾಲ್ಕು ದಿನಗಳ ಮಟ್ಟಿಗೆ ಹೊಂದಿಸಿಕೊಂಡೆವು. ಎರಡು ಬಾಡಿಗೆಗೆ, ಒಂದು ಮದುವೆಯ ಪಟ ತೆಗೆಯುವ ಮಿತ್ರರಿಂದ. ಮೊದಲನೆಯದು ಅದೇ ತಾನೇ ಮಾರುಕಟ್ಟೆಗೆ ಬಂದದ್ದು. ಅದರ ಹೆಸರು ಇಲ್ಲಿ ಬೇಡ. ಎರಡನೆಯದು 2020ರಲ್ಲಿ ಹೊರಬಂದ ನಿಕಾನ್ ಝಡ್6-2. ಮೂರನೆಯದು ಅಂಗಿಯ ಕಿಸೆಯಲ್ಲಿ ಹಿಡಿಸುವ ರಿಕೋ ಜಿಆರ್-3. ಇದರ ಮಸೂರ ಕಳಚುವಂಥದ್ದಲ್ಲ, ಹತ್ತಿರ ದೂರ ಮಾಡುವಂಥದ್ದೂ ಅಲ್ಲ. ಇವುಗಳ ಜೊತೆಗೆ ನಮ್ಮ ಹಿತ್ತಿಲಿನಿಂದ ಅಂಗೈ ಅಗಲದ ಒಂದು ಮುರಕಲ್ಲಿನ ತುಂಡನ್ನೂ ಚೀಲಕ್ಕೆ ಹಾಕಿಕೊಂಡೆವು. ಅದರ ಉಪಯೋಗ ಮುಂದೆ ತಿಳಿಯುತ್ತದೆ.

ಉಪ್ಪಳದಲ್ಲಿ ಬಸ್ಸು ಹತ್ತಿ ಪೈವಳಿಕೆ ದಾಟಿ ಬಾಯಾರಿಗೆ ಬಂದಾಗ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ಪೊಸಡಿ ಗುಂಪೆಯ ನೆತ್ತಿ ಮಾತ್ರ ಬಿಸಿಲಿನಲ್ಲಿತ್ತು. ಈ ಸೀಮೆಯ ಸುರಂಗಗಳ ವಿಷಯ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಗುಡ್ಡದ ಪಾರ್ಶ್ವದಲ್ಲಿ ಮುರಕಲ್ಲನ್ನು ಅಡ್ಡಲಾಗಿ ಕೊರೆಯುತ್ತ ಹೋಗಿ, ಒಳಗಿನ ಒರತೆಯನ್ನು ಹಿಡಿದು, ಪಂಪು ವಿದ್ಯುತ್ತುಗಳ ಹಂಗಿಲ್ಲದೆ ನೀರು ತಾನಾಗಿ ಹೊರಗೆ ಹರಿದು ಬರುವಂತೆ ಮಾಡುವ ಜಾಣ್ಮೆ ಅದು. ಅಗಲ ಒಬ್ಬ ಆಳು ನುಸುಳುವಷ್ಟು. ಎತ್ತರ ಒಬ್ಬ ಆಳು ನಿಲ್ಲುವಷ್ಟು. ಕೆಲವು ಸುರಂಗಗಳು ಗುಡ್ಡದೊಳಗೆ ನೂರಾರು ಅಡಿ ಸಾಗುತ್ತವೆ. ತೋಡುವವನು ದೀಪವನ್ನು ಒಯ್ಯುವುದು ಬೆಳಕಿಗಾಗಿ ಮಾತ್ರವಲ್ಲ. ದೀಪ ಬಾಡಿದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರುವುದಕ್ಕಾಗಿ. ಕೊಳವೆ ಬಾವಿ ಬಂದ ಮೇಲೆ ಹೊಸ ಸುರಂಗ ತೋಡಿಸುವವರು ವಿರಳರಾದರು. ತೋಡಬಲ್ಲವರು ಇನ್ನೂ ವಿರಳ.

ಅಂಥ ಒಬ್ಬರು, ಎಂಬತ್ತು ದಾಟಿದ ಅಜ್ಜ, ನಮ್ಮನ್ನು ತೋಟದ ಮೇಲ್ಬದಿಗೆ ಕರೆದೊಯ್ದರು. ಸುರಂಗದ ಒಳಗೆ ಐದಾರು ಮಾರು ಹೋಗಿ ಗೋಡೆಗೆ ಕೈಯಾನಿಸಿ ನಿಂತರು. ಅವರ ಬೆನ್ನಹಿಂದೆ ಕತ್ತಲು; ನಮ್ಮ ಬೆನ್ನಹಿಂದೆ ಅಡಿಕೆ ಮರಗಳ ನಡುವಿನಿಂದ ಇಳಿಯುವ ಬಿಸಿಲು. ಇನ್ನೊಮ್ಮೆ ನಾವು ಒಳಗೆ ನಿಂತು, ಅಜ್ಜ ಬಾಯಿಯ ಬಳಿ ನಿಂತರು. ಆಗ ಹೊರಗಿನ ತೋಟ ಉರಿಯುವ ಹಸುರು, ಅಜ್ಜನ ಮುಖ ಕೇವಲ ನೆರಳು. ಕ್ಯಾಮರಾವನ್ನು ಪರೀಕ್ಷಿಸಲು ಇದಕ್ಕಿಂತ ಕಠಿನವಾದ ತಾಣವನ್ನು ಯಾವ ಅಂಗಡಿಯವನೂ ಕಟ್ಟಿಕೊಡಲಾರ. ತೋಟದ ಬೆಳಕು ಸುಡದ ಹಾಗೆ ಅಳತೆ ಹಿಡಿದು ಮೂರರಲ್ಲಿಯೂ ತೆಗೆದೆವು. ಕ್ಯಾಮರಾದ ಪುಟ್ಟ ಪರದೆಯಲ್ಲಿ ಅಜ್ಜನ ಮುಖ ಕಾಣಲೇ ಇಲ್ಲ. ತೋರಿಸಿದಾಗ ಅವರು ನಕ್ಕರು.

“ನಾನು ಇಲ್ಲವಲ್ಲ ಮಾಷ್ಟ್ರೇ ಇದರಲ್ಲಿ!”

“ಇದ್ದೀರಿ ಅಜ್ಜಾ, ಒಳಗಿದ್ದೀರಿ. ಮನೆಗೆ ಹೋಗಿ ಎಬ್ಬಿಸಬೇಕು.”

“ಆಗಲಿ. ನನ್ನ ಪುಳ್ಳಿಗೆ ಈಗ ಮೂರು ವರ್ಷ. ಅವನು ದೊಡ್ಡವನಾದಾಗ ಈ ಪಟ ಅವನಿಗೆ ಸಿಕ್ಕೀತಾ?”

ನಾವು ಹೊತ್ತು ತಂದಿದ್ದ ವಿವರಪತ್ರಗಳಲ್ಲಿ ಮೆಗಾಪಿಕ್ಸೆಲ್ಲಿನ ಲೆಕ್ಕವಿತ್ತು, ಸೆಕೆಂಡಿಗೆ ಎಷ್ಟು ಚಿತ್ರವೆಂಬ ಲೆಕ್ಕವಿತ್ತು. ಅಜ್ಜ ಕೇಳಿದ ಪ್ರಶ್ನೆಗೆ ಉತ್ತರ ಯಾವುದರಲ್ಲಿಯೂ ಇರಲಿಲ್ಲ.

ಮರುದಿನ ಕುಂಬಳೆಯಲ್ಲಿಳಿದು ಬದಿಯಡ್ಕದ ದಾರಿಯಿಂದ ಕವಲೊಡೆದು ಅನಂತಪುರಕ್ಕೆ ಹೋದೆವು. ಮುರಕಲ್ಲಿನ ಬಟ್ಟಬಯಲಿನ ನಡುವೆ ಹಠಾತ್ತನೆ ತಗ್ಗಿದ ಚೌಕದ ಕೆರೆ, ಕೆರೆಯ ನಡುವೆ ಗುಡಿ. ಇಲ್ಲಿನ ಸಸ್ಯಾಹಾರಿ ಮೊಸಳೆಯೆಂದು ಪ್ರಸಿದ್ಧವಾಗಿದ್ದ ಬಬಿಯಾ 2022ರ ಅಕ್ಟೋಬರ್ 9ರಂದು ಕಣ್ಣು ಮುಚ್ಚಿತು. ಮರುವರ್ಷ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು. ನಮಗೆ ಅದರ ದರ್ಶನವಾಗಲಿಲ್ಲ. ನಾವು ಹೋದದ್ದು ನೀರಿನ ಹಸುರಿಗಾಗಿ, ಮತ್ತು ಹೊರ ಆವರಣದ ಸಣ್ಣ ಸಣ್ಣ ವಿವರಗಳಿಗಾಗಿ. ಗರ್ಭಗುಡಿಯ ಕಡೆಗೆ ಕ್ಯಾಮರಾ ತಿರುಗಿಸಲಿಲ್ಲ. ಅದು ಅಲ್ಲಿನ ಕ್ರಮ.

ಹಸುರಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕ್ಯಾಮರಾದೊಳಗಿನ ಬಿಂದುಗಳಲ್ಲಿ ಒಂದೊಂದೂ ಒಂದೊಂದೇ ಬಣ್ಣವನ್ನು ಕಾಣಬಲ್ಲದು. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವರು 1976ರಲ್ಲಿ ಹಕ್ಕುಪತ್ರ ಪಡೆದ ಜೋಡಣೆಯಂತೆ ಎರಡು ಹಸುರು, ಒಂದು ಕೆಂಪು, ಒಂದು ನೀಲಿ ಹೀಗೆ ನಾಲ್ಕು ನಾಲ್ಕಾಗಿ ಬಿಂದುಗಳು ಕುಳಿತಿರುತ್ತವೆ. ಉಳಿದ ಬಣ್ಣಗಳನ್ನು ಅಕ್ಕಪಕ್ಕದಿಂದ ಊಹಿಸಿ ತುಂಬುವುದು ತಂತ್ರಾಂಶದ ಕೆಲಸ. ಚುಕ್ಕಿ ಇಟ್ಟುಕೊಟ್ಟರೆ ರಂಗೋಲಿಯ ಗೆರೆ ಎಳೆಯುವವರ ಕೈಯಲ್ಲಿದೆ. ಒಬ್ಬೊಬ್ಬರ ಗೆರೆ ಒಂದೊಂದು ತೆರ. ಫ್ಯೂಜಿ ಸಂಸ್ಥೆ 2012ರಿಂದ ತನ್ನ ಹಲವು ಕ್ಯಾಮರಾಗಳಲ್ಲಿ ಎಕ್ಸ್-ಟ್ರಾನ್ಸ್ ಎಂಬ ಬೇರೊಂದು ಚುಕ್ಕಿಯ ಜೋಡಣೆಯನ್ನು ತಂದಿತು. ಆರಕ್ಕೆ ಆರರ ಆ ಜೋಡಣೆಗೆ ಗೆರೆ ಎಳೆಯುವುದು ಕೆಲವು ತಂತ್ರಾಂಶಗಳಿಗೆ ಬಹುಕಾಲ ಸಲೀಸಾಗಲಿಲ್ಲ. ಲೈಟ್‌ರೂಮಿನಲ್ಲಿ ತೆರೆದು ಚೂಪುಗೊಳಿಸಿದರೆ ಎಲೆಗಳ ರಾಶಿಯಲ್ಲಿ ಹುಳು ಹರಿದಂಥ ಗೆರೆಗಳು ಏಳುತ್ತವೆಂದು ಛಾಯಾಗ್ರಾಹಕರು ದೂರಿದರು. ಕ್ಯಾಮರಾದ ದೋಷವಲ್ಲ, ತಂತ್ರಾಂಶದ ದೋಷವೆಂದೂ ಹೇಳುವಂತಿಲ್ಲ. ಎರಡರ ಜಾತಕ ಕೂಡಿಬರಲಿಲ್ಲ, ಅಷ್ಟೆ. ಅಡಿಕೆ ತೋಟ, ಬಳ್ಳಿ, ಹಾವಸೆಗಳ ನಾಡಿನಲ್ಲಿ ವಾಸಿಸುವ ನಮ್ಮಂಥವರು ಕೊಳ್ಳುವ ಮೊದಲು ಎಲೆಗಳ ಚಿತ್ರವನ್ನೇ ತೆಗೆದು ತಮ್ಮ ತಂತ್ರಾಂಶದಲ್ಲಿ ನೋಡಬೇಕೆನ್ನುವುದು ಇದಕ್ಕಾಗಿ. ಅನಂತಪುರದ ದಂಡೆಯ ಹುಲ್ಲು ಮತ್ತು ಹಾವಸೆ ನಮ್ಮ ಮೂರು ಕ್ಯಾಮರಾಗಳಿಗೂ ಆ ಪರೀಕ್ಷೆಯನ್ನು ಕೊಟ್ಟಿತು.

ಮೂರನೆಯ ದಿನ ಬೇಕಲ. ಕಾಸರಗೋಡಿನಿಂದ ರೈಲಿನಲ್ಲಿ ಹೋದರೆ ಚಂದ್ರಗಿರಿ ಹೊಳೆಯನ್ನು ದಾಟಿದ ಮೇಲೆ ಕೋಟೆಯ ಹೆಸರಿನದೇ ನಿಲ್ದಾಣ ಸಿಗುತ್ತದೆ. ಕೆಳದಿಯ ಶಿವಪ್ಪನಾಯಕ 1650ರ ಸುಮಾರಿಗೆ ಕಟ್ಟಿಸಿದನೆನ್ನುವ ಈ ಕೋಟೆ ಸುಮಾರು 40 ಎಕರೆಗಳಷ್ಟು ವಿಸ್ತಾರವಾಗಿ ಕಡಲಿಗೆ ಎದೆಯೊಡ್ಡಿ ನಿಂತಿದೆ. ಇಕ್ಕೇರಿಯ ಅರಸರ ಕೈ ಇಲ್ಲಿಯ ತನಕ ಚಾಚಿತ್ತೆಂಬುದನ್ನು ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಎಷ್ಟು ಮಂದಿ ನೆನೆಯುತ್ತಾರೋ ತಿಳಿಯದು. ಬಹುಮಂದಿ ಬರುವುದು ಕಡಲಿಗೆ ಬೆನ್ನು ಮಾಡಿ ತಮ್ಮದೇ ಪಟ ತೆಗೆದುಕೊಳ್ಳಲು. ನಾವೂ ಒಂದೆರಡು ತೆಗೆದುಕೊಂಡೆವೆನ್ನಿ.

ಇಳಿಹೊತ್ತಿನ ಬಿಸಿಲಿನಲ್ಲಿ ಮುರಕಲ್ಲಿನ ಗೋಡೆಗೆ ಬರುವ ಬಣ್ಣವನ್ನು ಕೆಂಪೆನ್ನುವುದೇ, ಕಾವಿಯೆನ್ನುವುದೇ, ಸುಟ್ಟ ಇಟ್ಟಿಗೆಯೆನ್ನುವುದೇ ಎಂಬುದು ಜಿಜ್ಞಾಸೆಗೆ ತಕ್ಕದ್ದು. ಹಿತ್ತಿಲಿನಿಂದ ತಂದ ತುಂಡು ಇಲ್ಲಿ ಕೆಲಸಕ್ಕೆ ಬಂತು. ಕೋಟೆಯ ಕಲ್ಲನ್ನು ಮುಟ್ಟುವಂತಿಲ್ಲ, ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ನಮ್ಮ ತುಂಡನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟು ಮೂರು ಕ್ಯಾಮರಾಗಳಿಂದ ಚಿತ್ರ ತೆಗೆದೆವು. ರಾ ಕಡತದಲ್ಲಿ ಬಣ್ಣ ನಿಶ್ಚಿತವಾಗಿರುವುದಿಲ್ಲ. ಈ ಕ್ಯಾಮರಾದ ಈ ಅಂಕಿಗೆ ಈ ಬಣ್ಣವೆಂಬ ಕೋಷ್ಟಕವೊಂದನ್ನು ತಂತ್ರಾಂಶ ತನ್ನೊಳಗೆ ಇಟ್ಟುಕೊಂಡಿರುತ್ತದೆ. ಅದನ್ನು ಪ್ರೊಫೈಲ್ ಎನ್ನುತ್ತಾರೆ. ಮಾದರಿ ಮಾದರಿಗೂ ಕೋಷ್ಟಕ ಬೇರೆ. ಇಲ್ಲದಿದ್ದರೆ, ಇಲ್ಲವೇ ಅವಸರದಲ್ಲಿ ಮಾಡಿದ್ದಾದರೆ, ನಮ್ಮ ಮುರಕಲ್ಲು ಪರದೆಯ ಮೇಲೆ ಬೀಟ್‌ರೂಟಿನ ಹೋಳಾಗುವುದುಂಟು. ಆ ರಾತ್ರಿ ಮೇಜಿನ ಬಳಿ ಕಲ್ಲಿನ ತುಂಡನ್ನು ಪರದೆಯ ಪಕ್ಕಕ್ಕೆ ಹಿಡಿದು ಹೋಲಿಸಿದಾಗ ನಮಗೆ ಅದು ಪ್ರತ್ಯಕ್ಷವಾಯಿತು. ಒಂದೇ ಕಡತ, ಎರಡು ತಂತ್ರಾಂಶ, ಎರಡು ಕೆಂಪು. ಒಪ್ಪುವ ಕೆಂಪನ್ನು ತಿದ್ದಿ ಒಮ್ಮೆ ಉಳಿಸಿಕೊಂಡರೆ ಮುಂದೆ ಆ ಕ್ಯಾಮರಾದ ಎಲ್ಲ ಚಿತ್ರಗಳಿಗೂ ಅದನ್ನೇ ಹಚ್ಚಬಹುದು. ಆದ್ದರಿಂದ ಬಣ್ಣದ ವಿಷಯದಲ್ಲಿ ನಮ್ಮ ಆತಂಕ ಬೇಗ ಕಳೆಯಿತು.

ಬಾಗಿದ ಗೋಡೆಯ ಆತಂಕ ಅಷ್ಟು ಬೇಗ ಕಳೆಯಲಿಲ್ಲ. ಈಗಿನ ಮಸೂರಗಳನ್ನು ಹಗುರವಾಗಿಯೂ ಅಗ್ಗವಾಗಿಯೂ ಮಾಡುವುದಕ್ಕಾಗಿ ಅವುಗಳ ವಕ್ರತೆಯನ್ನು ಗಾಜಿನಲ್ಲಿ ಪೂರ್ತಿಯಾಗಿ ತಿದ್ದದೆ, ತಂತ್ರಾಂಶ ತಿದ್ದಿಕೊಳ್ಳಲಿ ಎಂದು ಬಿಡುವ ಪದ್ಧತಿ ಬೆಳೆದಿದೆ. ಕ್ಯಾಮರಾದ ಪರದೆಯಲ್ಲಿ ನೆಟ್ಟಗೆ ಕಾಣುವ ಕೋಟೆಯ ಗೋಡೆ, ಆ ಮಸೂರವನ್ನು ಅರಿಯದ ತಂತ್ರಾಂಶದಲ್ಲಿ ತೆರೆದೊಡನೆ ಬಿಲ್ಲಿನಂತೆ ಬಾಗಿರುತ್ತದೆ. ಲೆನ್ಸ್‌ಫನ್ ಎಂಬ ಹೆಸರಿನ ಸಾರ್ವಜನಿಕ ಮಾಹಿತಿಕೋಶವೊಂದು ಇಂಥ ಮಸೂರಗಳ ಲೆಕ್ಕವನ್ನು ಸಂಗ್ರಹಿಸುತ್ತ ಬಂದಿದೆ. ಉಚಿತ ತಂತ್ರಾಂಶಗಳು ಅದನ್ನು ನೆಚ್ಚಿಕೊಂಡಿವೆ. ಕ್ಯಾಮರಾದ ಹೆಸರನ್ನು ಹುಡುಕಿದರೆ ಸಾಲದು, ಜೊತೆಗೆ ಬರುವ ಮಸೂರದ ಹೆಸರನ್ನೂ ಹುಡುಕಬೇಕೆಂಬುದನ್ನು ಬೇಕಲ ನಮಗೆ ಕಲಿಸಿತು.

ಬಯಲಾಟದ ರಾತ್ರಿಯ ಕುರಿತು ಹೆಚ್ಚು ಬರೆಯುವ ಆಸೆಯನ್ನು ತಡೆದುಕೊಳ್ಳುತ್ತೇವೆ. ಪಾರ್ತಿಸುಬ್ಬನ ನಾಡಿನಲ್ಲಿ ಆಟದ ಬಗ್ಗೆ ಬರೆಯಲು ನಮಗಿಂತ ಅರ್ಹರು ಎಷ್ಟೋ ಮಂದಿ ಇದ್ದಾರೆ. ಕಿರೀಟದ ಬೇಗಡೆ, ಕೆಂಪು ದಗಲೆ, ಮುಖದ ಬಣ್ಣ ಇವೆಲ್ಲದರ ಮೇಲೆ ಹಿಂದೆ ಗ್ಯಾಸ್‌ಲೈಟಿನ ಬೆಳಕು ಬೀಳುತ್ತಿತ್ತು. ಈಗ ಎಲ್‌ಇಡಿ ದೀಪ ನೀಲಿಯನ್ನು ಚೆಲ್ಲುತ್ತದೆ. ಬೆಳಕಿನ ಬಣ್ಣವನ್ನು ಸರಿಗೊಳಿಸುವ ತೀರ್ಮಾನವನ್ನು ರಾ ಕಡತ ನಮ್ಮ ಕೈಗೇ ಬಿಡುವುದರಿಂದ ದಗಲೆಯನ್ನು ಮರುದಿನ ಕೆಂಪಿಗೆ ತರಲು ಸಾಧ್ಯವಾಯಿತು. ಆದರೆ ದೀಪಕ್ಕೆ ನೇರವಾಗಿದ್ದ ಬೇಗಡೆ ಎಲ್ಲಿ ಪೂರ್ತಿಯಾಗಿ ಬಿಳಿಯಾಗಿತ್ತೋ ಅಲ್ಲಿ ಯಾವ ತಂತ್ರಾಂಶವೂ ಏನನ್ನೂ ಮಾಡಲಿಲ್ಲ. ರಾ ಎಂದರೆ ಸಂಜೀವಿನಿಯೆಂದು ನಂಬಿಸುವವರಿದ್ದಾರೆ. ಸುಟ್ಟ ದೋಸೆಯನ್ನು ಹಿಟ್ಟು ಮಾಡುವ ಶಕ್ತಿ ಅದಕ್ಕಿಲ್ಲ. ಸಭೆಯ ಹಿಂದೆ ನಿಂತ ನಮಗೆ ರಿಕೋದ ಕಿರುಮಸೂರದಲ್ಲಿ ವೇಷಗಳು ಕಡಲೆಬೇಳೆಯಷ್ಟು ಕಂಡವು. ಇದು ಅದರ ಇತಿಮಿತಿ. ಅದನ್ನು ಮಾಡಿದ್ದು ಬಯಲಾಟಕ್ಕಾಗಿ ಅಲ್ಲ.

ಈಗ ಮೇಜಿನ ಮಾತು. ನಾಲ್ಕನೆಯ ದಿನ ಮೂರೂ ಕ್ಯಾಮರಾಗಳ ಕಾರ್ಡುಗಳನ್ನು ವಾಚನಾಲಯದ ಗಣಕಕ್ಕೆ ಇಳಿಸಿದೆವು. ರಿಕೋದ ಕಡತಗಳು ಡಿಎನ್‌ಜಿ ಎಂಬ ಜಾತಿಯವು. ಅಡೋಬಿ ಸಂಸ್ಥೆ 2004ರಲ್ಲಿ ಇದರ ರಚನೆಯನ್ನು ಪ್ರಕಟಿಸಿ ಯಾರು ಬೇಕಾದರೂ ಬಳಸಬಹುದೆಂದಿತು. ಅವು ಎರಡೂ ತಂತ್ರಾಂಶಗಳಲ್ಲಿ ಮೊದಲ ಕರೆಗೆ ಓಗೊಟ್ಟವು. ನಿಕಾನ್‌ನವೂ ತೆರೆದವು, ಐದು ವರ್ಷ ಹಳೆಯ ಮಾದರಿಯಾದ್ದರಿಂದ ಅದರ ಲೆಕ್ಕವೆಲ್ಲ ತಂತ್ರಾಂಶಗಳಿಗೆ ಆಗಲೇ ಪರಿಚಿತವಾಗಿತ್ತು. ಮೂರರಲ್ಲಿ ಹೆಚ್ಚು ಬೆಲೆಯ, ಹೊಚ್ಚ ಹೊಸ ಕ್ಯಾಮರಾದ ಕಡತಗಳು ಮಾತ್ರ ಬಾಯಿ ಬಿಡಲಿಲ್ಲ. ಅವನ್ನು ತೆರೆಯಲು ತಂತ್ರಾಂಶದ ಹೊಸ ಆವೃತ್ತಿ ಬೇಕು. ಹೊಸ ಆವೃತ್ತಿಯನ್ನು ಹೊರಲು ಹೊಸ ಗಣಕ ಬೇಕು. ಕೋಣವನ್ನು ಕೊಳ್ಳಲು ಹೋಗಿ ಹಟ್ಟಿಯನ್ನೂ ಕಟ್ಟಿಸುವ ಪ್ರಸಂಗ! ಆ ಕ್ಯಾಮರಾ ಕೆಟ್ಟದೆಂದು ಇದರ ಅರ್ಥವಲ್ಲ. ಹೊಸ ಗಣಕವಿರುವ ಮನೆಯಲ್ಲಿ ಅದು ಸುಖವಾಗಿ ಬಾಳೀತು.

ಅಜ್ಜನ ಚಿತ್ರವನ್ನು ಮೊದಲು ನಿಕಾನ್ ಕಡತದಲ್ಲಿ ಎತ್ತಿದೆವು. ನೆರಳಿನ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಬೆಳಗಿಸುತ್ತ ಹೋದಂತೆ ಮೊದಲು ಗೋಡೆಯ ಮೇಲಿನ ಪಿಕ್ಕಾಸಿನ ಗೀರುಗಳು, ಆಮೇಲೆ ಗೋಡೆಗಾನಿಸಿದ ಕೈ, ಕೈಯ ನರಗಳು, ಕೊನೆಗೆ ಆ ಮುಖದ ಸುಕ್ಕುಗಳು ಒಂದೊಂದಾಗಿ ಎದ್ದುಬಂದವು. ಹೊರಗಿನ ತೋಟವೂ ತನ್ನ ಹಸುರನ್ನು ಬಿಟ್ಟುಕೊಡದೆ ಉಳಿದಿತ್ತು. ಮೇಜಿನ ಸುತ್ತ ಇದ್ದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ರಿಕೋದ ಚಿತ್ರವೂ ಅದಕ್ಕೆ ಸರಿಸಮನಾಗಿತ್ತೆಂದೇ ಹೇಳಬೇಕು. ಕತ್ತಲಿನಲ್ಲಿ ಮರಳು ಸಿಂಪಡಿಸಿದಂಥ ಕಣಗಳು ಮಾತ್ರ ಅದರಲ್ಲಿ ಸ್ವಲ್ಪ ಹೆಚ್ಚು.

ಪುಳ್ಳಿಗೆ ಪಟ ಸಿಕ್ಕೀತೇ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಹಿಂದೆ ನಡೆದುದನ್ನು ನೋಡಬೇಕು. ಕೊಡಾಕ್‌ನ ಕೊಡಾಕ್ರೋಮ್ ಫಿಲಂ 1935ರಲ್ಲಿ ಹುಟ್ಟಿತು. 2009ರಲ್ಲಿ ಅದರ ತಯಾರಿಕೆ ನಿಂತಿತು. ಅದನ್ನು ತೊಳೆಯುವ ಕ್ರಮ ಬೇರಾವ ಫಿಲಮಿನಂಥದ್ದೂ ಅಲ್ಲ. ಅಮೆರಿಕದ ಕಾನ್ಸಾಸ್ ಸಂಸ್ಥಾನದಲ್ಲಿ ಉಳಿದಿದ್ದ ಕೊನೆಯ ಪ್ರಯೋಗಶಾಲೆ ಆ ಕೆಲಸಕ್ಕೆ ಸುರುಳಿಗಳನ್ನು ಕೊನೆಯದಾಗಿ ಸ್ವೀಕರಿಸಿದ್ದು 2010ರ ಡಿಸೆಂಬರ್ 30ರಂದು. ಅನಂತರ ಯಾರ ಕಪಾಟಿನಲ್ಲಾದರೂ ತೊಳೆಯದ ಕೊಡಾಕ್ರೋಮ್ ಸುರುಳಿ ಸಿಕ್ಕಿದರೆ ಅದರಿಂದ ಕಪ್ಪುಬಿಳುಪು ಚಿತ್ರ ಬಂದೀತು, ಬಣ್ಣ ಬಾರದು. ಸಾಮಾನ್ಯ ಕಪ್ಪುಬಿಳುಪು ನೆಗೆಟಿವಾದರೋ ನೂರು ವರ್ಷ ಹಳೆಯದಾದರೂ ಬೆಳಕಿಗೆ ಹಿಡಿದರೆ ಕಾಣುತ್ತದೆ. ರಾ ಕಡತಗಳಲ್ಲಿಯೂ ಈ ಎರಡು ಜಾತಿಗಳುಂಟು.

ಒಂದೊಂದು ಕಂಪೆನಿಯೂ ತನ್ನ ರಾ ಕಡತದ ರಚನೆಯನ್ನು ತನ್ನಲ್ಲಿಯೇ ಗುಟ್ಟಾಗಿಟ್ಟುಕೊಳ್ಳುವುದು ವಾಡಿಕೆ. ಡೇವ್ ಕಾಫಿನ್ ಎಂಬವರು 1997ರಲ್ಲಿ ತೊಡಗಿ ವರ್ಷಗಟ್ಟಲೆ ಒಂಟಿಯಾಗಿ ಈ ಗುಟ್ಟುಗಳನ್ನು ಬಿಡಿಸುತ್ತ ಡಿಸಿರಾ ಎಂಬ ತಂತ್ರಾಂಶವನ್ನು ಬರೆದು ಲೋಕಕ್ಕೆ ಬಿಟ್ಟುಕೊಟ್ಟರು. ಎಷ್ಟೋ ತಂತ್ರಾಂಶಗಳು ಆ ಋಣದಲ್ಲಿವೆ. 2005ರಲ್ಲಿ ನಿಕಾನ್‌ನ ಡಿ2ಎಕ್ಸ್ ಕ್ಯಾಮರಾ ಬೆಳಕಿನ ಬಣ್ಣದ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆಯುತ್ತದೆಂದು ತಿಳಿದಾಗ ಛಾಯಾಗ್ರಾಹಕರಲ್ಲಿ ದೊಡ್ಡ ಗಲಭೆಯೆದ್ದಿತು. ನಾವು ತೆಗೆದ ಚಿತ್ರದ ಬೀಗದ ಕೈ ನಮ್ಮಲ್ಲಿಲ್ಲವೇ ಎಂದು ಜನ ಕೇಳಿದ್ದು ನ್ಯಾಯವೇ ಆಗಿತ್ತು. ಕಾಫಿನ್ ಆ ಬೀಗವನ್ನೂ ತೆರೆದರು. ಕ್ಯಾನನ್ 2018ರಲ್ಲಿ ಸಿಆರ್3 ಎಂಬ ಹೊಸ ಕಡತವನ್ನು ತಂದಾಗ ಡಾರ್ಕ್‌ಟೇಬಲ್ ಅದನ್ನು ಓದಲು ಕಲಿತದ್ದು 2021ರ ಕೊನೆಗೆ. ಅದೇ 2021ರಲ್ಲಿ ನಿಕಾನ್ ಝಡ್9ರೊಡನೆ ಬಂದ ಹೈ ಎಫಿಶಿಯೆನ್ಸಿ ಎಂಬ ಒತ್ತಡದ ಕ್ರಮ ಉಚಿತ ತಂತ್ರಾಂಶಗಳಿಗೆ ವರ್ಷಗಳ ಕಾಲ ನಿಲುಕಲಿಲ್ಲ. ಆ ಕ್ಯಾಮರಾಗಳಲ್ಲಿಯೇ ಲಾಸ್‌ಲೆಸ್ ಎಂಬ ಹಳೆಯ ಕ್ರಮವನ್ನು ಆಯ್ದವರು ಬಚಾವಾದರು. ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾದರೂ ಶಾಶ್ವತವೇ? ಒಮ್ಮೆ ಹಣ ಕೊಟ್ಟರೆ ನಮ್ಮದಾಗುತ್ತಿದ್ದ ಲೈಟ್‌ರೂಮಿನ ಕೊನೆಯ ಆವೃತ್ತಿ 2015ರ ಆರನೆಯದು. 2017ರ ಕೊನೆಯಲ್ಲಿ ಅದರ ಪರಿಷ್ಕರಣ ನಿಂತಿತು. ಅನಂತರ ಬಂದ ಕ್ಯಾಮರಾಗಳನ್ನು ಅದು ಅರಿಯದು. ಅಂಥವರಿಗೆ ಉಳಿದಿರುವ ದಾರಿ, ಅಡೋಬಿಯೇ ಉಚಿತವಾಗಿ ಕೊಡುವ ಪರಿವರ್ತಕದಿಂದ ಕಡತಗಳನ್ನು ಡಿಎನ್‌ಜಿಗೆ ಬದಲಿಸಿಕೊಳ್ಳುವುದು. ಆ ಪರಿವರ್ತಕ ವಿಂಡೋಸ್ ಮತ್ತು ಮ್ಯಾಕ್ ಗಣಕಗಳಲ್ಲಿ ನಡೆಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಒಂದು ತಂತ್ರಾಂಶದಲ್ಲಿ ಮಾಡಿದ ತಿದ್ದುಪಡಿಯ ಲೆಕ್ಕ ಮತ್ತೊಂದಕ್ಕೆ ಅರ್ಥವಾಗುವುದಿಲ್ಲ. ರಾ ಕಡತವನ್ನು ತಂತ್ರಾಂಶ ಮುಟ್ಟದೆ, ತಿದ್ದಿದ ಕ್ರಮವನ್ನು ಮಾತ್ರ ಪಕ್ಕದ ಚೀಟಿಯಲ್ಲಿ ಬರೆದಿಡುತ್ತದೆ. ನಾಳೆ ಬೇರೆ ತಂತ್ರಾಂಶಕ್ಕೆ ಹೋದರೆ ಆ ಚೀಟಿ ಅನ್ಯಲಿಪಿಯ ಕಾಗದವಾಗುತ್ತದೆ. ಆದ್ದರಿಂದ ತಿದ್ದಿ ಮುಗಿದ ಚಿತ್ರದ ಒಂದು ಪ್ರತಿಯನ್ನು ಟಿಫ್ ರೂಪದಲ್ಲಿ ತೆಗೆದು ರಾ ಕಡತದ ಜೊತೆಗೇ ಇಡುವುದೆಂದು ನಾವು ನಿಯಮ ಮಾಡಿಕೊಂಡಿದ್ದೇವೆ.

ಮಂಗಳೂರಿನ ಅಂಗಡಿಗೆ ಹೋದದ್ದು ಆ ಬಳಿಕ. ರಿಕೋ ನಮ್ಮ ಮನಸ್ಸನ್ನು ಗೆದ್ದಿತ್ತು. ಒಬ್ಬನೇ ನಡೆದಾಡುತ್ತ ಸುರಂಗ, ಓಣಿ, ಹಳೆಯ ಮನೆಗಳ ಒಳಾಂಗಣಗಳನ್ನು ಹಿಡಿಯುವವನಿಗೆ ನಾವು ಕಣ್ಣುಮುಚ್ಚಿ ಅದನ್ನೇ ಹೇಳುವೆವು. ಬಯಲಾಟವೂ, ಮಾಡಿನ ಎತ್ತರದ ಕೆತ್ತನೆಗಳೂ ಪಟ್ಟಿಯಲ್ಲಿದ್ದುದರಿಂದ ಮಸೂರ ಬದಲಿಸಬಲ್ಲ ನಿಕಾನ್ ಝಡ್6-2ನ್ನೇ, ಒಬ್ಬರು ಬಳಸಿ ಮಾರಲು ಬಿಟ್ಟದ್ದನ್ನು, ಕೊಂಡೆವು. ಹೊಸ ಮಾದರಿ ಬಂದ ಮೇಲೆ ಹಳೆಯದರ ಬೆಲೆ ಇಳಿದಿತ್ತು. ಅಂಗಡಿಯ ತರುಣ ಕೊನೆಯ ತನಕ ಹೊಸತನ್ನೇ ಹೊಗಳಿದ. ಅವನ ಕರ್ತವ್ಯ ಅದು. ನಾವು ನಮ್ಮದೇ ಕಾರ್ಡನ್ನು ಒಯ್ದಿದ್ದೆವು. ಕೊಳ್ಳುವ ಕ್ಯಾಮರಾಕ್ಕೇ ಅದನ್ನು ಹಾಕಿ, ಅಂಗಡಿಯ ಬಾಗಿಲ ಹೊರಗಿನ ಬಿಸಿಲು, ಒಳಗಿನ ನೆರಳು ಎರಡೂ ಬರುವಂತೆ ನಾಲ್ಕು ಚಿತ್ರ ತೆಗೆದು, ಮನೆಗೆ ತಂದು ತೆರೆದು ನೋಡಿ, ಮರುದಿನ ಹಣ ಕೊಟ್ಟೆವು. ವಾಚಕರಲ್ಲಿ ಯಾರಾದರೂ ಕ್ಯಾಮರಾ ಕೊಳ್ಳುವವರಿದ್ದರೆ ಈ ಕ್ರಮವನ್ನು ಅನುಸರಿಸಲು ಸಂಕೋಚಪಡಬೇಕಾದುದಿಲ್ಲ. ಅಕ್ಕಿಯನ್ನು ಹಿಡಿ ತೆಗೆದು ನೋಡದೆ ಮುಡಿ ಕಟ್ಟಿಸುತ್ತೇವೆಯೇ?

ಕ್ಯಾಮರಾವನ್ನು 14 ಬಿಟ್, ಲಾಸ್‌ಲೆಸ್ ಕ್ರಮಕ್ಕೆ ಇಟ್ಟಿದ್ದೇವೆ. ಒಂದು ಚಿತ್ರಕ್ಕೆ ಸುಮಾರು 30 ಎಂಬಿ ಜಾಗ ಬೇಕು. ಪ್ರತಿ ತಿಂಗಳ ಕೊನೆಯ ಆದಿತ್ಯವಾರ ಕಡತಗಳನ್ನು ಎರಡು ಬೇರೆ ಬೇರೆ ಡಿಸ್ಕುಗಳಿಗೆ ಇಳಿಸಿ, ಒಂದನ್ನು ವಾಚನಾಲಯದಲ್ಲಿಯೂ ಮತ್ತೊಂದನ್ನು ಒಬ್ಬ ಸದಸ್ಯರ ಮನೆಯಲ್ಲಿಯೂ ಇಡುತ್ತೇವೆ. ಅಜ್ಜನ ಚಿತ್ರದ ಒಂದು ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಬಾಯಾರಿಗೆ ಕಳುಹಿಸಿದ್ದಾಯಿತು. ಮುಂದಿನ ಪಯಣ ಮಳೆ ಹಿಂಜರಿದ ಮೇಲೆ, ಸೋಣ ತಿಂಗಳಿನಲ್ಲಿ. ಆಗ ಪದವಿನ ಮುರಕಲ್ಲಿನ ಮೇಲೆ ನಿಂತ ತೆಳುನೀರಿನಲ್ಲಿ ಎಳ್ಳಿನ ಗಾತ್ರದ ನೀಲಿಹೂಗಳು ಎಕರೆಗಟ್ಟಲೆ ಅರಳುತ್ತವೆ. ಆ ನೀಲಿಗೆ ನಮ್ಮ ಕೋಷ್ಟಕ ಏನು ಮಾಡುತ್ತದೆಂದು ನೋಡಬೇಕಾಗಿದೆ.